ಕಣ್ಣು, ಕಿವಿ, ಕೈ

ಪರಮಶಿವಯ್ಯನವರು ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳಿ ರಿಟೈರ್ ಆದಮೇಲೆ ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ ಒಂದು ಸಣ್ಣ ಶಾಲೆ ತೆರೆದರು. ಹೆಸರು ಅಂಗಳ ಶಾಲೆ. ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ, ಹಿಂದುಗಡೆ ಒಂದು ಹೊಂಗೆ ಮರ, ಅದರ ಕೆಳಗೆ ಮಕ್ಕಳು ಕೂತು ಊಟ ಮಾಡುವಷ್ಟು ಜಾಗ. ತ್ಯಾಗರಾಜನಗರದ ಮನೆಯಿಂದ ದಿನಾ ಸ್ಕೂಟರಿನಲ್ಲಿ ಬಂದು, ಗೇಟಿನ ಹತ್ತಿರ ನಿಂತು, ಒಳಗೆ ಬರುವ ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಆ ಶಾಲೆಗೆ ಸುತ್ತಮುತ್ತ ಹೆಸರು ಬಂದಿದ್ದು ಅದರ ಮೂರು ಗುಂಪುಗಳಿಂದ. ಸೇರಿಸುವ ದಿನವೇ ಮಗುವಿಗೆ ಒಂದು ಪರೀಕ್ಷೆ. ಚಾರ್ಟು ತೋರಿಸಿ ಏನೇನಿದೆ ಅಂತ ಕೇಳುತ್ತಿದ್ದರು, ಒಂದು ಕಥೆ ಹೇಳಿ ತಿರುಗಿ ಹೇಳಿಸುತ್ತಿದ್ದರು, ಮರದ ತುಂಡುಗಳನ್ನು ಕೊಟ್ಟು ಏನಾದರೂ ಕಟ್ಟು ಅನ್ನುತ್ತಿದ್ದರು. ಯಾವುದರಲ್ಲಿ ಚುರುಕೋ ಅದೇ ಆ ಮಗುವಿನ ಗುಂಪು. ಕಣ್ಣಿನ ಗುಂಪಿಗೆ ಚಿತ್ರ ಮತ್ತು ಓದು, ಕಿವಿ ಗುಂಪಿಗೆ ಕಥೆ ಮತ್ತು ಹಾಡು, ಕೈ ಗುಂಪಿಗೆ ಮಣ್ಣು, ತಕ್ಕಡಿ, ಅಳತೆಪಟ್ಟಿ. ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಬಟ್ಟೆಯ ಬ್ಯಾಡ್ಜು. ಸಾಯಂಕಾಲ ಗೇಟಿನ ಹೊರಗೆ ನಿಂತ ತಾಯಂದಿರು ನಮ್ಮವನು ಕಣ್ಣು, ನಿಮ್ಮವಳು ಏನು ಅಂತ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಸರ್ವಮಂಗಳಾ ಅಲ್ಲಿಗೆ ಬಂದಿದ್ದು ಎರಡು ಸಾವಿರದ ಎರಡನೇ ಇಸವಿಯ ಜೂನಿನಲ್ಲಿ. ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮನಃಶಾಸ್ತ್ರದ ಲೆಕ್ಚರರ್ ಆಗಿದ್ದಳು, ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವುದರ ಮೇಲೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದಳು. ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಪಾಠ ತುರುಕುವುದನ್ನು ನೋಡಿ ನೋಡಿ ಬೇಸತ್ತಿದ್ದ ಅವಳಿಗೆ ಈ ಶಾಲೆ ಕಂಡು ಜೀವಕ್ಕೆ ಹಾಯ್ ಅನ್ನಿಸಿತು. ಈ ಗುಂಪುಗಳಿಂದ ಎಷ್ಟು ಉಪಯೋಗವಾಗಿದೆ ಅಂತ ಸರಿಯಾಗಿ ಅಳೆದು ತೋರಿಸುತ್ತೇನೆ, ಅನುಮತಿ ಕೊಡಿ ಅಂತ ಕೇಳಿಕೊಂಡಳು. ಪರಮಶಿವಯ್ಯನವರು ಎರಡು ಮಾತಿಲ್ಲದೆ ಒಪ್ಪಿ, ಕಾಫಿ ತರಿಸಿದರು.

ಆ ಕಾಫಿಯ ಹೊತ್ತಿನಲ್ಲೇ ಅವರು ಮಗನ ಸಂಗತಿ ಹೇಳಿದ್ದು. ಅವರ ಒಬ್ಬನೇ ಮಗ ಶಿವಕಿರಣ್ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಫೇಲಾಗಿದ್ದ, ಮತ್ತೆ ಕಟ್ಟಿ ಮತ್ತೆ ಫೇಲಾಗಿದ್ದ. ಊರಿನ ಮಕ್ಕಳೆಲ್ಲ ಮನೆಗೆ ಬಂದು ಲೆಕ್ಕ ಹೇಳಿಸಿಕೊಂಡು ಪಾಸಾಗಿ ಹೋಗುವಾಗ ಮಗ ಮೂಲೆಯಲ್ಲಿ ಕೂತು ಕಾಲಿನ ಉಗುರು ನೋಡುತ್ತಿದ್ದ. ಪರಮಶಿವಯ್ಯನವರು ಬೈದರು, ಹೊಡೆದರು, ಕೊನೆಗೆ ಮಾತು ಬಿಟ್ಟರು. ಬಹಳ ವರ್ಷ ಆದಮೇಲೆ ಶಿಕ್ಷಕರ ಒಂದು ಶಿಬಿರದಲ್ಲಿ ಯಾರೋ ಬಂದು, ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಕೈಯಿಂದ ಮಾಡಿ ಅಂತ ಹೇಳಿದರಂತೆ. ಶಿವಕಿರಣ್ ಚಿಕ್ಕಂದಿನಿಂದ ರೇಡಿಯೊ ಬಿಚ್ಚಿ ಕೂಡಿಸುತ್ತಿದ್ದವನು. ಕೈಯ ಹುಡುಗನ ಕಿವಿಗೆ ನಾನು ಲೆಕ್ಕ ಸುರಿದೆನಲ್ಲ ಅಂತ ಪರಮಶಿವಯ್ಯನವರು ಬಸ್ಸಿನಲ್ಲಿ ಕೂತು ಅತ್ತರಂತೆ. ಶಾಲೆ ಹುಟ್ಟಿದ್ದು ಆ ದಿನ.

ಸರ್ವಮಂಗಳಾಳ ಗೈಡ್ ಡಾಕ್ಟರ್ ಜಯಶೀಲಾ ಯಾವುದನ್ನೂ ಸುಲಭಕ್ಕೆ ಒಪ್ಪುವ ಹೆಂಗಸಲ್ಲ. ಕಿವಿಯ ಮಕ್ಕಳು ಕೇಳಿ ಕಲಿತರು ಅಂದರೆ ಏನೂ ಸಾಬೀತಾಗುವುದಿಲ್ಲ, ಅವರು ನೋಡಿಯೂ ಅಷ್ಟೇ ಕಲಿಯುತ್ತಿದ್ದರೇನೋ ಯಾರಿಗೆ ಗೊತ್ತು ಅಂದರು. ಹಾಗಾಗಿ ಎಲ್ಲ ಗುಂಪಿಗೂ ಎಲ್ಲ ಬಗೆಯ ಪಾಠವನ್ನೂ ಕೊಡಬೇಕು ಅಂತಾಯಿತು. ಬೀಜ ಮೊಳೆಯುವುದು, ಉಪ್ಪು ಕರಗುವುದು, ಮಳೆ ಬರುವುದು, ಹೀಗೆ ಪಾಠಗಳನ್ನು ಆರಿಸಿಕೊಂಡರು. ಒಂದನ್ನು ಚಿತ್ರವಿರುವ ಹಾಳೆಯಲ್ಲಿ ಓದಿಸಿ, ಒಂದನ್ನು ಬಾಯಲ್ಲಿ ಹೇಳಿ, ಒಂದನ್ನು ಕೈಯಿಂದ ಮಾಡಿಸಿ, ವಾರ ಕಳೆದು ಏನು ಉಳಿದಿದೆ ಅಂತ ಕೇಳುವುದು. ಜೊತೆಗೆ ಜಯಶೀಲಾ ಇನ್ನೊಂದು ಸೇರಿಸಿದರು. ಕೆಲವು ಪಾಠ ಆದಮೇಲೆ ಎಲ್ಲ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಮಗುವಿನ ಬಾಯಲ್ಲೇ ಹೇಳಿಸಬೇಕು, ತಡವರಿಸಿದ ಕಡೆ ಮಾತ್ರ ಸಹಾಯ ಮಾಡಬೇಕು.

ಲಿಖಿತಾ ಸರ್ವಮಂಗಳಾಳ ಕಣ್ಣಿಗೆ ಬಿದ್ದದ್ದು ಆ ಓದಿಸುವ ಪಾಠದಲ್ಲಿ. ನಾಲ್ಕನೇ ಕ್ಲಾಸಿನ ಹುಡುಗಿ, ಬಾಗಲಕೋಟೆ ಕಡೆಯಿಂದ ಹಿಂದಿನ ವರ್ಷ ಬಂದವಳು. ಬೀಜದ ಪಾಠದ ಹಾಳೆ ಕೊಟ್ಟರೆ ಅದನ್ನು ಮಗುಚಿ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು. ಯಾಕಮ್ಮ ಅಂತ ಸರ್ವಮಂಗಳಾ ಕೇಳಿದಳು.

"ನಾನು ಕಿವಿ ಮಿಸ್. ನಂಗೆ ಓದಿದ್ರೆ ತಲೆಗೆ ಹೋಗಲ್ಲ."

ಅದರಲ್ಲಿ ಬೇಸರವಿರಲಿಲ್ಲ, ಹಟವೂ ಇರಲಿಲ್ಲ. ತನ್ನ ಊರು ಯಾವುದು ಅಂತ ಹೇಳುವ ಹಾಗೆ ಹೇಳಿದಳು. ಸುಮ್ಮನೆ ಒಂದು ಸಲ ನೋಡು ಅಂದರೂ ಅವಳು ಬ್ಯಾಡ್ಜು ತೋರಿಸಿ ನಕ್ಕಳೇ ಹೊರತು ಹಾಳೆ ಮುಟ್ಟಲಿಲ್ಲ.

ಸಾಯಂಕಾಲ ಸರ್ವಮಂಗಳಾ ಗೇಟಿನ ಹತ್ತಿರ ಅವಳ ತಾಯಿಗಾಗಿ ಕಾದಳು. ತಾಯಿ ರಾಜಶ್ರೀ ಕೋರಮಂಗಲದ ಒಂದು ಆಫೀಸಿನಲ್ಲಿ ಫ್ರಂಟ್ ಡೆಸ್ಕಿನಲ್ಲಿ ಕೆಲಸಕ್ಕಿದ್ದಳು, ಮಡಿವಾಳದ ಬಸ್ಸಿಳಿದು ಓಡುತ್ತಾ ಬಂದಿದ್ದಳು. ಮಗಳು ಊರಿನಲ್ಲಿ ಓದುತ್ತಿದ್ದಳಾ ಅಂತ ಕೇಳಿದ್ದಕ್ಕೆ ರಾಜಶ್ರೀಯ ಮುಖ ಒಂದು ಥರ ಆಯಿತು.

"ಊರಾಗ ಕನ್ನಡ ಪುಸ್ತಕ ಗಟ್ಟಿಯಾಗಿ ಓದಿ ಅವರಜ್ಜಗ ಕೇಳಸ್ತಿದ್ಲರಿ. ಇಲ್ಲಿ ಬಂದ ದಿನ ಚಾರ್ಟ್ ತೋರಿಸಿದ್ರು, ಅದರಾಗ ಎಲ್ಲಾ ಇಂಗ್ಲಿಷ್ ಇತ್ತು. ಸುಮ್ನ ನಿಂತ್ಲು. ಕತಿ ಕನ್ನಡದಾಗ ಹೇಳಿದ್ರು, ಅದನ್ನ ಪೂರಾ ಒಪ್ಪಿಸಿದ್ಲು. ಕಿವಿ ಚುರುಕ ಅದಾವು ಅಂದ್ರು. ದಡ್ಡಿ ಅನ್ನಲಿಲ್ಲಲ್ಲ ಅಂತ ನಮಗೂ ಸಮಾಧಾನ ಆತ್ರಿ. ಈಗ ಮನ್ಯಾಗ ಪುಸ್ತಕಾನ ಮುಟ್ಟಂಗಿಲ್ಲ."

ಸರ್ವಮಂಗಳಾ ಬನಶಂಕರಿಯ ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದಳು. ಒಂದು ಮಗುವಿನ ವಿಷಯದಲ್ಲಿ ಪರೀಕ್ಷೆ ತಪ್ಪಿರಬಹುದು, ಅದರಿಂದ ಗುಂಪಿನ ತತ್ವವೇ ತಪ್ಪು ಅಂತ ಆಗುವುದಿಲ್ಲ ಅಂತ ತನಗೇ ಸಮಾಧಾನ ಹೇಳಿಕೊಂಡಳು.

ವರ್ಷದ ಕೊನೆಗೆ ಅಂಕಗಳನ್ನೆಲ್ಲ ಕಾಲೇಜಿನ ಕಂಪ್ಯೂಟರಿಗೆ ಹಾಕಿ ನೋಡಿದಾಗ ಆ ಸಮಾಧಾನ ಉಳಿಯಲಿಲ್ಲ. ಕಿವಿಯ ಮಕ್ಕಳು ಕೇಳಿ ಕಲಿತಷ್ಟೇ ನೋಡಿಯೂ ಕಲಿತಿದ್ದರು. ಕೈಯ ಮಕ್ಕಳಿಗೆ ಕೈಯ ಪಾಠದಿಂದ ಬೇರೆಯವರಿಗಿಂತ ಹೆಚ್ಚೇನೂ ಆಗಿರಲಿಲ್ಲ. ಮೋಡ, ಮಳೆ, ನದಿ ಅನ್ನುವುದಕ್ಕೆ ಚಿತ್ರವಿದ್ದರೆ ಎಲ್ಲರಿಗೂ ಅನುಕೂಲವಾಗಿತ್ತು, ಉಪ್ಪನ್ನು ತಾವೇ ಕರಗಿಸಿದರೆ ಎಲ್ಲರಿಗೂ ಅರ್ಥವಾಗಿತ್ತು. ಪಾಠಕ್ಕೆ ತಕ್ಕ ದಾರಿ ಇತ್ತು, ಆದರೆ ಬ್ಯಾಡ್ಜಿಗೆ ತಕ್ಕ ದಾರಿ ಇರಲಿಲ್ಲ. ಎಲ್ಲ ಗುಂಪಿನಲ್ಲೂ ಎದ್ದು ಕಂಡ ವ್ಯತ್ಯಾಸ ಒಂದೇ. ಮುಚ್ಚಿಟ್ಟು ನೆನಪಿನಿಂದ ಹೇಳಿಸಿದ ಪಾಠಗಳು ಮಕ್ಕಳಲ್ಲಿ ನಿಂತಿದ್ದವು.

ಅವಳು ಲೆಕ್ಕ ತಪ್ಪಿರಬೇಕು ಅಂತ ಮತ್ತೆ ಮಾಡಿದಳು. ಮುಂದಿನ ವರ್ಷ ಬೇರೆ ಪಾಠಗಳನ್ನು ತೆಗೆದುಕೊಂಡು ಇಡೀ ಪ್ರಯೋಗವನ್ನೇ ಮತ್ತೆ ಮಾಡಿದಳು. ಬಂದಿದ್ದು ಅದೇ ಉತ್ತರ. ಜಯಶೀಲಾ ಹಾಳೆಗಳನ್ನು ನೋಡಿ, ಒಳ್ಳೆ ಕೆಲಸ ಮಾಡಿದ್ದೀಯ ಅಂದರು. ಸರ್ವಮಂಗಳಾಗೆ ಮಾತ್ರ ಯಾರದೋ ಮನೆಗೆ ಕೆಟ್ಟ ಸುದ್ದಿ ಹೊತ್ತುಕೊಂಡು ಹೋಗಬೇಕಾದವಳ ಹಾಗೆ ಆಗಿತ್ತು.

ಒಂದು ಶನಿವಾರ ಮಕ್ಕಳು ಹೋದಮೇಲೆ ಪರಮಶಿವಯ್ಯನವರ ಕೋಣೆಯಲ್ಲಿ ಕೂತು ಹೇಳಿದಳು. ಹೇಗೆ ಹೇಳಬೇಕು ಅಂತ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆಲ್ಲ ವ್ಯರ್ಥವಾಯಿತು, ಯಾಕೆಂದರೆ ಅವರು ಮಾತು ಕೇಳದೆ ನೇರವಾಗಿ ಅಂಕಿಗಳಿಗೇ ಹೋದರು. ಕನ್ನಡಕ ಮೇಲೆತ್ತಿ ಒಂದೊಂದು ಸಾಲಿನ ಮೇಲೂ ಪೆನ್ನಿನ ತುದಿ ಆಡಿಸಿದರು. ಗಣಿತದವರಾದ್ದರಿಂದ ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ.

"ಲೆಕ್ಕ ಸರಿಯಾಗಿದೆ," ಅಂದರು. ಹಾಳೆಗಳ ಅಂಚು ಕೂಡಿಸಿ ಅವಳ ಕಡೆ ಸರಿಸಿದರು. ಆಮೇಲೆ ತುಂಬಾ ಮೆತ್ತಗೆ ಕೇಳಿದರು: "ಹಾಗಾದ್ರೆ ನನ್ನ ಮಗನಿಗೆ ಏನಾಗಿತ್ತು ಮೇಡಂ?"

ಗೊತ್ತಿಲ್ಲ ಸಾರ್ ಅಂದಳು. ಅವರು ತಲೆಯಾಡಿಸಿ, ಸ್ವಲ್ಪ ದಿನ ಶಾಲೆ ಕಡೆ ಬರಬೇಡಿ, ನಾನೇ ಫೋನ್ ಮಾಡ್ತೀನಿ ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು.

ಫೋನ್ ಬರಲಿಲ್ಲ. ಬಂದವನು ಶಿವಕಿರಣ್. ಬನಶಂಕರಿಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ, ಮದುವೆಮನೆಗಳಿಗೆ ವಿಡಿಯೊ ತೆಗೆಯುವ ಕೆಲಸ. ಮೂವತ್ತು ದಾಟಿದ, ನಿಧಾನವಾಗಿ ಮಾತಾಡುವ ಗಂಡಸು. ಕಾಲೇಜಿನ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾದಿದ್ದ. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ಕೇಳಿದರೆ ನಿಮ್ಮ ಹೆಸರು ಹೇಳಿ ಸುಮ್ಮನಾಗುತ್ತಾರೆ, ಏನು ನಡೆಯಿತು ಅಂತ ತಿಳಿದುಕೊಳ್ಳೋಣ ಅಂತ ಬಂದೆ ಅಂದ. ಇಬ್ಬರೂ ಜಯನಗರದ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿ ಹೋಟೆಲಿನಲ್ಲಿ ನಿಂತುಕೊಂಡು ಕಾಫಿ ಕುಡಿದರು. ಅವಳು ನಡೆದಿದ್ದನ್ನೆಲ್ಲ ಹೇಳಿದಳು, ಪರಮಶಿವಯ್ಯನವರು ಕೊನೆಗೆ ಕೇಳಿದ ಪ್ರಶ್ನೆಯನ್ನೂ ಸೇರಿಸಿ.

ಶಿವಕಿರಣ್ ಲೋಟ ಕೆಳಗಿಟ್ಟ. ತನಗೆ ಏನಾಗಿತ್ತು ಅನ್ನುವುದು ತನಗೆ ಚೆನ್ನಾಗಿ ಗೊತ್ತು ಅಂದ. ಏಳನೇ ಕ್ಲಾಸಿನ ತನಕ ಅವನು ಕನ್ನಡ ಮೀಡಿಯಂ, ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದ. ಎಂಟಕ್ಕೆ ಅಪ್ಪ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರು. ಅಂಶ, ಛೇದ, ಲಂಬ, ಸಮಾಂತರ ಎಲ್ಲ ಗೊತ್ತಿದ್ದ ಹುಡುಗ, ಡಿನಾಮಿನೇಟರ್ ಅಂದರೆ ಛೇದವೇ ಅಂತ ತಿಳಿಯದೆ ಅದು ಯಾವುದೋ ಹೊಸ ವಸ್ತು ಅಂದುಕೊಂಡು ತಿಂಗಳುಗಟ್ಟಲೆ ಹುಡುಕಿದ. ಅಷ್ಟರಲ್ಲಿ ಪಾಠ ಎಲ್ಲೋ ಹೋಗಿತ್ತು. ಮನೆಯಲ್ಲಿ ಅಪ್ಪ ಹೇಳಿಕೊಡುತ್ತಿದ್ದದ್ದೂ ಇಂಗ್ಲಿಷಿನಲ್ಲೇ, ಅದೂ ಕಾಲೇಜಿನ ಹುಡುಗರಿಗೆ ಹೇಳುವ ವೇಗದಲ್ಲಿ. ಒಂದು ಸಲ ಕೇಳಿದ್ದಕ್ಕೆ, ಇಷ್ಟೂ ಗೊತ್ತಿಲ್ಲವಾ ಅಂತ ಬೈಸಿಕೊಂಡ ಮೇಲೆ ಇವನು ಕೇಳುವುದನ್ನೇ ಬಿಟ್ಟ.

ಇದನ್ನು ಅಪ್ಪನಿಗೆ ಯಾವತ್ತಾದರೂ ಹೇಳಿದ್ದೀರಾ ಅಂತ ಸರ್ವಮಂಗಳಾ ಕೇಳಿದಳು.

"ಹೇಗೆ ಹೇಳ್ಲಿ ಮೇಡಂ? ಆ ಶಿಬಿರ ಮುಗಿಸಿ ಬಂದವರು ಚಪ್ಪಲೀನೂ ಬಿಚ್ಚದೆ ನನ್ ರೂಮಿಗೆ ಬಂದ್ರು. ನೀನು ದಡ್ಡ ಅಲ್ಲ ಕಣೋ, ನಾನೇ ತಪ್ಪಾಗಿ ಹೇಳ್ಕೊಟ್ಟೆ ಅಂದ್ರು. ವರ್ಷಗಟ್ಟಲೆ ಮಾತೇ ಇರ್ಲಿಲ್ಲ ನಮ್ಮಿಬ್ರಿಗೆ. ಅವರು ಕೊಟ್ಟ ಕಾರಣ ಸುಳ್ಳೇ ಇರಬಹುದು, ಆದ್ರೆ ಆ ಮಾತಿಂದ ನಾನು ಬದುಕ್ಕೊಂಡೆ. ಅದನ್ನ ಹೋಗಿ ತಪ್ಪು ಅಂತ ಹೇಗನ್ಲಿ?"

ಸರ್ವಮಂಗಳಾ ತನ್ನ ಲೋಟವನ್ನೂ ಕೆಳಗಿಟ್ಟಳು. ಆಮೇಲೆ ಹೇಳಿದಳು, "ಅವರು ಈಗ ನಿಮಗೆ ಏನಾಗಿತ್ತು ಅಂತ ಕೇಳ್ತಿದಾರೆ. ನನ್ನನ್ನ ಕೇಳಿದ್ರು, ಆದ್ರೆ ಅದು ನಿಮ್ಮನ್ನ ಕೇಳಬೇಕಾಗಿದ್ದ ಪ್ರಶ್ನೆ."

ಮುಂದಿನ ಭಾನುವಾರ ತ್ಯಾಗರಾಜನಗರದ ಮನೆಯಲ್ಲಿ ಏನು ನಡೆಯಿತು ಅನ್ನುವುದನ್ನು ಪರಮಶಿವಯ್ಯನವರೇ ಆಮೇಲೆ ಫೋನ್ ಮಾಡಿ ಅವಳನ್ನು ಕರೆಸಿಕೊಂಡು ಹೇಳಿದರು. ತಿಂಡಿ ಆದಮೇಲೆ ಮಗ ಎದುರು ಬಂದು ಕೂತು ಹೇಳಿದನಂತೆ. ಮೊದಮೊದಲು ಇವರು ನಡುವೆ ಬಾಯಿ ಹಾಕಿ, ಅದು ಹಾಗಲ್ಲ, ನಾನು ಕನ್ನಡದಲ್ಲೂ ಹೇಳ್ತಿದ್ದೆ ಅಂತ ವಾದ ಮಾಡಿದರಂತೆ. ಆಮೇಲೆ ಎಲ್ಲಿಂದ ತಪ್ಪಿತು, ಅಲ್ಲಿಂದ ಹೇಳು ಅಂದರಂತೆ. ಮಗ ಭಿನ್ನರಾಶಿಯಿಂದ ಶುರುಮಾಡಿ, ರೇಖಾಗಣಿತಕ್ಕೆ ಬಂದು, ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆಯ ಯಾವ ಯಾವ ಪದ ತಿಳಿಯದೆ ಬಿಟ್ಟು ಬಂದೆ ಅನ್ನುವ ತನಕ ಹೇಳಿದ. ಊಟಕ್ಕೆ ಏಳುವಾಗ ಪರಮಶಿವಯ್ಯನವರು ಅವನ ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

"ಒಂದೊಂದು ಪದ ಮೇಡಂ," ಅಂದರು ಅವಳಿಗೆ. "ಡಿನಾಮಿನೇಟರ್ ಅಂದ್ರೆ ಛೇದ ಕಣೋ ಅಂತ ಒಂದು ಸಲ ಹೇಳಿದ್ರೆ ಆಗಿತ್ತಂತೆ. ನಾನು ಅವನನ್ನ ಏನು ಗೊತ್ತಿಲ್ಲ ಅಂತ ಕೇಳ್ಲೇ ಇಲ್ಲ. ಹೊಡೆಯೋವಾಗ್ಲೂ ಕೇಳ್ಲಿಲ್ಲ, ಮುದ್ದು ಮಾಡೋವಾಗ್ಲೂ ಕೇಳ್ಲಿಲ್ಲ."

ಅವರು ತಂದೆ ತಾಯಂದಿರ ಸಭೆ ಕರೆದರು. ಇದನ್ನು ಹೀಗೇ ಮೆಲ್ಲಗೆ ಕೈಬಿಟ್ಟರೆ ಸಾಕು, ಊರಿಗೆಲ್ಲ ಯಾಕೆ ಹೇಳಬೇಕು ಅಂತ ಟೀಚರುಗಳು ಅಂದರು. ಅವರು ಕೇಳಲಿಲ್ಲ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಜನ ಗುಸುಗುಸು ಮಾಡಿದರು. ಇಷ್ಟು ವರ್ಷ ನಮಗೆ ಹೇಳಿದ್ದು ಸುಳ್ಳಾ ಸಾರ್ ಅಂತ ಹಿಂದಿನಿಂದ ಒಬ್ಬರು ಕೇಳಿದರು.

"ಸುಳ್ಳಲ್ಲ, ತಪ್ಪು," ಅಂದರು ಪರಮಶಿವಯ್ಯನವರು. "ಒಂದೊಂದು ಮಗೂನೂ ಒಂದೊಂದು ಥರ ಅಂತ ನಾನು ಈಗಲೂ ಹೇಳ್ತೀನಿ. ಆದ್ರೆ ಆ ಥರ ಯಾವುದು ಅಂತ ಒಂದೇ ದಿನದಲ್ಲಿ ತೀರ್ಮಾನ ಮಾಡಿ ಎದೆ ಮೇಲೆ ಅಂಟಿಸಿಬಿಟ್ಟೆ. ಇನ್ಮೇಲೆ ದಿನಾ ಕೇಳ್ತೀವಿ."

ಕೆಲವರು ಒಪ್ಪಿದರು. ಕೆಲವರು ಮಕ್ಕಳನ್ನು ಬಿಡಿಸಿ ಜೆಪಿ ನಗರದ ಕಡೆ ದೊಡ್ಡ ಶಾಲೆಗಳಿಗೆ ಸೇರಿಸಿದರು. ಎರಡು ಕೋಣೆ ಖಾಲಿಬಿದ್ದವು.

ಬ್ಯಾಡ್ಜು ತೆಗೆಸಿದ ದಿನ ಮಕ್ಕಳಿಗೆ ಸಂತೋಷವಾಗುತ್ತದೆ ಅಂತ ಸರ್ವಮಂಗಳಾ ಅಂದುಕೊಂಡಿದ್ದಳು. ಲಿಖಿತಾ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಗೆಳತಿಯರೆಲ್ಲ ಕಿವಿ ಗುಂಪಿನಲ್ಲಿದ್ದರು, ಅವರೆಲ್ಲ ಈಗ ಬೇರೆ ಬೇರೆ ಬೆಂಚಿಗೆ ಹೋಗುತ್ತಾರೆ ಅನ್ನುವುದೇ ಅವಳ ದುಃಖ. ಮೂಗು ಒರೆಸಿಕೊಂಡು ಕೇಳಿದಳು, "ಹಂಗಾದ್ರೆ ಈಗ ನಾನು ಏನು ಮಿಸ್?"

"ಈಗ ನೀನು ಆರನೇ ಕ್ಲಾಸು," ಅಂದಳು ಸರ್ವಮಂಗಳಾ.

ಅವಳು ಲಿಖಿತಾಳ ಜೊತೆ ಕನ್ನಡದಿಂದಲೇ ಶುರುಮಾಡಿದಳು. ಒಂದು ಸಣ್ಣ ಪಾಠ ಓದುವುದು, ಪುಸ್ತಕ ಮುಚ್ಚುವುದು, ನೆನಪಿದ್ದಷ್ಟು ಹೇಳುವುದು, ಆಮೇಲೆ ಅದರಲ್ಲಿ ಬಂದ ಪದಗಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ನೋಡುವುದು. ಮೊದಲ ವಾರಗಳಲ್ಲಿ ಲಿಖಿತಾ ನೀವೇ ಓದಿ ಹೇಳಿ ಮಿಸ್ ಅಂತ ಜಗಳವಾಡಿದಳು. ಕನ್ನಡದ ಪುಟವನ್ನು ಸರಾಗವಾಗಿ ಓದಿ ಮುಗಿಸಿದ ದಿನ ತಾನೇ ಆಶ್ಚರ್ಯಪಟ್ಟು, ಅದೇ ಪುಟವನ್ನು ಮತ್ತೊಮ್ಮೆ ಓದಿದಳು. ಇಂಗ್ಲಿಷ್ ಅಷ್ಟು ಬೇಗ ಬರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತಡೆದು ತಡೆದು ಓದುತ್ತಿದ್ದಳು, ಒಂದೊಂದು ದಿನ ಪುಸ್ತಕ ನೂಕಿ ಎದ್ದು ಹೋಗುತ್ತಿದ್ದಳು. ಆದರೆ ತಲೆಗೆ ಹೋಗಲ್ಲ ಅನ್ನುವ ಮಾತು ಮಾತ್ರ ನಿಂತಿತು. ಅವಳು ಮನೆಯಲ್ಲಿ ಕೂತು ಓದುತ್ತಾಳೆ, ಟಿವಿ ಸಣ್ಣಗೆ ಮಾಡು ಅಂತ ಅಪ್ಪನ ಮೇಲೇ ರೇಗುತ್ತಾಳೆ ಅಂತ ರಾಜಶ್ರೀ ಒಂದು ಸಾಯಂಕಾಲ ಹೇಳಿ ನಕ್ಕಳು.

ಟೀಚರುಗಳಿಗೆ ಹೊಸ ಪದ್ಧತಿ ಭಾರವೇ ಆಯಿತು. ಒಂದೊಂದು ಮಗುವಿನ ಪಕ್ಕ ಕೂತು, ಎಲ್ಲಿಯ ತನಕ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಅದರ ಬಾಯಲ್ಲೇ ಹೇಳಿಸುವುದು ಚಾರ್ಟು ನೇತುಹಾಕುವುದಕ್ಕಿಂತ ಕಷ್ಟ. ಸಿಲಬಸ್ ಹಿಂದೆ ಬೀಳುತ್ತದೆ ಅಂತ ಗೊಣಗಿದರು. ಪರಮಶಿವಯ್ಯನವರು ತಾವೇ ದೊಡ್ಡ ಮಕ್ಕಳ ಗಣಿತ ವಹಿಸಿಕೊಂಡರು. ಹಳೇ ಅಭ್ಯಾಸದಂತೆ ಅವಸರ ಮಾಡಿ, ಅರ್ಧಕ್ಕೆ ನಿಂತು, ಕೆಮ್ಮಿ, ಮತ್ತೆ ಮೊದಲಿಂದ ಕೇಳುತ್ತಿದ್ದರು. ಖಾಲಿಬಿದ್ದ ಕೋಣೆಗಳಲ್ಲಿ ಒಂದು ಮುಂದಿನ ಜೂನಿಗೆ ತುಂಬಿತು. ಇನ್ನೊಂದು ಹಾಗೇ ಉಳಿಯಿತು.

ಸರ್ವಮಂಗಳಾಳ ಪ್ರಬಂಧ ಮುಗಿದು ವೈವಾ ಆಗಿದ್ದು ಎರಡು ಸಾವಿರದ ಆರರಲ್ಲಿ. ಪರಮಶಿವಯ್ಯನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಶಿವಕಿರಣ್. ಹೊರಗಿನಿಂದ ಬಂದ ಪರೀಕ್ಷಕರು, ನೀವು ಸಾಬೀತು ಮಾಡಲು ಹೊರಟಿದ್ದು ಆಗಲಿಲ್ಲವಲ್ಲ, ಈ ಕೆಲಸ ಯಾಕೆ ಬಿಡಲಿಲ್ಲ ಅಂತ ಕೇಳಿದರು. ಬಿಡಬೇಕು ಅನ್ನಿಸಿತ್ತು ಅಂತ ಅವಳು ಒಪ್ಪಿಕೊಂಡಳು. ಶಾಲೆಯವರು ಬಿಡಲಿಲ್ಲ ಅಂದಳು.

ಎಲ್ಲ ಮುಗಿದು ಜನ ಹೊರಗೆ ಬಂದು ಕೈಕುಲುಕುತ್ತಿದ್ದಾಗ ಪರಮಶಿವಯ್ಯನವರು ಅವಳ ಹತ್ತಿರ ಬಂದರು. ಶುಭಾಶಯ ಹೇಳಿದರು, ಜಯಶೀಲಾ ಅವರಿಗೂ ನಮಸ್ಕಾರ ಮಾಡಿದರು. ಶಿವಕಿರಣ್ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದ. ಹೊರಡುವಾಗ ಅವರು ತಿರುಗಿ ನಿಂತು, ಹೊಸದಾಗಿ ಸೇರಿದ ಒಂದು ಹುಡುಗಿ ಭಾಗಾಕಾರದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ತಮಗೆ ಎಷ್ಟು ಕೇಳಿದರೂ ಗೊತ್ತಾಗುತ್ತಿಲ್ಲ, ಮನೆಯಲ್ಲಿ ತಮಿಳು ಮಾತಾಡುವ ಮಗು, ತಮ್ಮ ಮುಂದೆ ಬಾಯೇ ಬಿಡುವುದಿಲ್ಲ ಅಂದರು.

"ಡಾಕ್ಟರ್ ಆದ್ರಿ ಅಂತ ಬರೋದು ನಿಲ್ಲಿಸ್ಬೇಡಿ. ಸೋಮವಾರ ಬರ್ತೀರಾ?"

"ಬರ್ತೀನಿ ಸಾರ್," ಅಂದಳು ಸರ್ವಮಂಗಳಾ.